ಐಯುಸಿಎನ್‌ನಲ್ಲಿ ಸಣ್ಣ ಸಂಸ್ಥೆಯ ಮತಕ್ಕೆ ಬೆಲೆ ಇದೆಯೇ?

ಸರ್ಕಾರಗಳೂ ಸದಸ್ಯರಾಗಿರುವ ಐಯುಸಿಎನ್‌ನಲ್ಲಿ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಸಣ್ಣದೊಂದು ಎನ್‌ಜಿಒ ಮಾತು ಯಾರು ಕೇಳ್ತಾರೆ ಅಂತ ಕೇಳಿದ್ದೀರಿ. ಕೇಳಲೇಬೇಕಾಗುತ್ತೆ, ಅಲ್ಲಿನ ನಿಯಮವೇ ಹಾಗಿದೆ.

ಮತಗಳನ್ನು ಒಟ್ಟಿಗೆ ಗುಡ್ಡೆ ಹಾಕಿ ಎಣಿಸುವುದಿಲ್ಲ. ಸರ್ಕಾರಗಳು, ಸರ್ಕಾರಿ ಏಜೆನ್ಸಿಗಳದ್ದು ಒಂದು ಎಣಿಕೆ; ಎನ್‌ಜಿಒಗಳು ಮತ್ತು ಮೂಲನಿವಾಸಿಗಳ ಸಂಘಟನೆಗಳದ್ದು ಇನ್ನೊಂದು. ನಿರ್ಣಯ ಪಾಸಾಗಲು ಎರಡೂ ಕಡೆ ಬಹುಮತ ಬೇಕು. ಅಂದರೆ ಸರ್ಕಾರಗಳೆಲ್ಲ ಒಂದಾಗಿ ಕೈಯೆತ್ತಿದರೂ ಎನ್‌ಜಿಒಗಳು ಒಪ್ಪದಿದ್ದರೆ ಅದು ಅಲ್ಲಿಗೇ ಬಿತ್ತು. ಸರ್ಕಾರಗಳು ಒಪ್ಪದಿದ್ದರೂ ಅಷ್ಟೇ. 1948ರಲ್ಲಿ ಹುಟ್ಟಿದ ಈ ಒಕ್ಕೂಟದಲ್ಲಿ ನನಗೆ ಅತ್ಯಂತ ಇಷ್ಟವಾದ ಏರ್ಪಾಡು ಇದು. ಮೂಲನಿವಾಸಿ ಸಂಘಟನೆಗಳಿಗೆ ಪ್ರತ್ಯೇಕ ಸದಸ್ಯತ್ವ ಸಿಕ್ಕಿದ್ದು ಮಾತ್ರ 2016ರಲ್ಲಿ, ಬಹಳ ತಡವಾಯಿತು.

ಪರಮಾಧಿಕಾರ ಇರುವುದು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುವ ಸದಸ್ಯರ ಮಹಾಧಿವೇಶನಕ್ಕೆ. ಅದು ಅಧ್ಯಕ್ಷರನ್ನೂ ಕೌನ್ಸಿಲ್ ಅನ್ನೂ ಆರಿಸುತ್ತೆ. ಕೌನ್ಸಿಲ್ ಮಹಾನಿರ್ದೇಶಕರನ್ನು ನೇಮಿಸುತ್ತೆ. ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿರುವ ಕೇಂದ್ರ ಕಚೇರಿ ದಿನನಿತ್ಯದ ಕೆಲಸ ನೋಡಿಕೊಳ್ಳುತ್ತೆ.

ಆದರೆ ಮತ ಹಾಕುವುದಷ್ಟೇ ಸಾಲದು. ನಿರ್ಣಯದ ಕರಡು ತಿದ್ದುವ ಚರ್ಚೆಯಲ್ಲಿ "ನಿಲ್ಲಿಸಬೇಕು" ಅನ್ನುವುದು "ಕಡಿಮೆ ಮಾಡಲು ಪ್ರೋತ್ಸಾಹಿಸಬೇಕು" ಅಂತಾದರೆ ಮುಗಿಯಿತು, ನಿರ್ಣಯದ ಜೀವವೇ ಹೋದಂತೆ. ನಿಮ್ಮ ಸಂಸ್ಥೆ ಸೇರುವುದಾದರೆ ದಯವಿಟ್ಟು ಆ ಹಂತದಲ್ಲಿ ಒಬ್ಬರನ್ನಾದರೂ ಕೂರಿಸಿ.

ವ್ಯಕ್ತಿಗಳಿಗೆ ನೇರ ಸದಸ್ಯತ್ವ ಇಲ್ಲ. ನೀವು ತಜ್ಞರಾಗಿದ್ದರೆ ಐಯುಸಿಎನ್‌ನ ತಜ್ಞರ ಆಯೋಗಗಳ ಮೂಲಕ ಬರಬಹುದು. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಕೆಂಪು ಪಟ್ಟಿಗೆ ಪ್ರಭೇದಗಳ ಸ್ಥಿತಿ ಅಳೆಯುವವರಲ್ಲಿ ಬಹುಪಾಲು ಅಂಥ ಸ್ವಯಂಸೇವಕರೇ.