ಕಣ್ಣು ನೋಡಿ ಮಾತಾಡಲಿಲ್ಲ ಅಂತ ಅಂಕ ಕಡಿಮೆ ಮಾಡಿದೆವು

ಪ್ರಶ್ನೆ: ನಾನು ಕ್ಯಾನ್‌ಬೆರಾದಲ್ಲಿ ಸರ್ಕಾರಿ ನೌಕರ. ಮೊದಲ ಸಲ ಸಂದರ್ಶನ ಸಮಿತಿಯಲ್ಲಿ ಕೂತಿದ್ದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅಬೊರಿಜಿನಲ್ ಸಮುದಾಯದ ಒಬ್ಬ ಹೆಣ್ಣುಮಗಳು ಬಂದಿದ್ದರು. ಪ್ರತಿ ಪ್ರಶ್ನೆಗೂ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರ ಕೊಟ್ಟರು. ನಮ್ಮ ಕಣ್ಣು ನೋಡಿ ಮಾತಾಡಲಿಲ್ಲ. ಎಲ್ಲದಕ್ಕೂ 'ನಾವು ಮಾಡಿದೆವು' ಅಂದರು. ಮೂವರೂ 'ಆತ್ಮವಿಶ್ವಾಸ ಸಾಲದು' ಅಂತ ಬರೆದೆವು. ವರದಿಗೆ ಇನ್ನೂ ಸಹಿ ಆಗಿಲ್ಲ, ನನಗೆ ಸಮಾಧಾನವೂ ಇಲ್ಲ. ನಾನೂ ಹೊರಗಿಂದ ಬಂದವನು. ನನ್ನಲ್ಲೂ ಪೂರ್ವಗ್ರಹ ಇರುತ್ತದಾ?
— ಹೆಸರು ಬೇಡ

ಉತ್ತರ: ಇರುತ್ತದೆ. ನನ್ನಲ್ಲೂ ಇತ್ತು.

ನಾನು ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷ ನೇಮಕಾತಿ ನೋಡಿಕೊಂಡವಳು. ಒಬ್ಬ ಅಬೊರಿಜಿನಲ್ ಹುಡುಗನ ಅರ್ಜಿ ಬಂದಿತ್ತು. ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟಿದ್ದ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ನಿಲ್ಲುವವನಲ್ಲ' ಅಂತ ಗೀಚಿದೆ. ಆಮೇಲೆ ಗೊತ್ತಾಯಿತು, ಅವನು ಪ್ರತಿ ಸಲ ಹೋಗಿದ್ದು ಊರಿನ ಸಾವಿಗೆ. ಅದನ್ನು ಅವರು 'ಸಾರಿ ಬಿಸಿನೆಸ್' ಅನ್ನುತ್ತಾರೆ. ನಾವು ದೂರದ ನೆಂಟರು ಅಂದುಕೊಳ್ಳುವವರು ತೀರಿಕೊಂಡರೂ ಹೋಗಿ ದಿನಗಟ್ಟಲೆ ಜೊತೆಗಿರಬೇಕು. ರಜೆ ಸಿಗದೆ ಕೆಲಸ ಬಿಟ್ಟಿದ್ದ, ಅಷ್ಟೇ. ಪೆನ್ಸಿಲ್ ಗುರುತನ್ನು ಅಳಿಸಿದೆ. ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ನಿಮ್ಮದೂ ಅಂಥದ್ದೇ. ಎಷ್ಟೋ ಅಬೊರಿಜಿನಲ್ ಕುಟುಂಬಗಳಲ್ಲಿ ಹಿರಿಯರ, ಅಧಿಕಾರದಲ್ಲಿ ಇರುವವರ ಕಣ್ಣಲ್ಲಿ ಕಣ್ಣಿಡದೆ ಮಾತಾಡುವುದೇ ಮರ್ಯಾದೆ. ಸುಮ್ಮನಿದ್ದರೆ ಯೋಚನೆ ಮಾಡುತ್ತಿದ್ದಾರೆ ಅಂತ. ತಾನೇ ಮಾಡಿದ್ದು ಅಂತ ಹೇಳಿಕೊಂಡರೆ ಜಂಬ. ನಮ್ಮ ಅಜ್ಜಿಯರ ಕಾಲದ ಮನೆಗಳಲ್ಲೂ ಹೀಗೇ ಇತ್ತು ಅಲ್ವಾ? ಆದರೂ ಸೂಟು ಹಾಕಿ ಮೇಜಿನ ಆ ಕಡೆ ಕೂತ ಮೇಲೆ ನಮಗೇ ಮರೆತುಹೋಗುತ್ತದೆ. ಹೆಸರು, ಉಚ್ಚಾರಣೆ ನೋಡಿ ನಮ್ಮನ್ನು ಪಕ್ಕಕ್ಕೆ ಇಟ್ಟಿದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಹಾಗಾಗಿ ನಾವು ಯಾರಿಗೂ ಹಾಗೆ ಮಾಡುವವರಲ್ಲ ಅಂತ ನಂಬಿಬಿಡುತ್ತೇವೆ.

ಅರ್ಜಿಯಲ್ಲಿ ಹೆಸರು ಮುಚ್ಚಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. 2017ರಲ್ಲಿ ಆಸ್ಟ್ರೇಲಿಯಾ ಸರ್ಕಾರ 14 ಇಲಾಖೆಗಳ 2,100ಕ್ಕೂ ಜಾಸ್ತಿ ನೌಕರರ ಕೈಗೆ ಅರ್ಜಿ ಕೊಟ್ಟು, ಕೆಲವರಿಗೆ ಹೆಸರು ತೋರಿಸಿ ಕೆಲವರಿಗೆ ಮುಚ್ಚಿ, ಪರೀಕ್ಷಿಸಿತು. ಮೂಲನಿವಾಸಿ ಹೆಣ್ಣುಮಕ್ಕಳು ಅಂತ ಗೊತ್ತಾದಾಗ ಮುಂದಿನ ಸುತ್ತಿನ ಪಟ್ಟಿಗೆ ಅವರ ಆಯ್ಕೆ ಸುಮಾರು ಶೇ 22ರಷ್ಟು ಹೆಚ್ಚೇ ಆಯಿತು. ಹೆಸರು ಮುಚ್ಚಿದ್ದರೆ ಅವರಿಗೇ ನಷ್ಟ. ಕಾಗದದ ಮೇಲೆ ಒಳ್ಳೆಯವರಾಗುವುದು ಸುಲಭ. ನಾನು ಕಂಡಂತೆ ಎಡವುವುದು ಎದುರುಬದುರು ಕೂತಾಗ.

ಇವತ್ತೇ ಸಮಿತಿಯ ಅಧ್ಯಕ್ಷರ ಹತ್ತಿರ ಮಾತಾಡಿ. ಎಲ್ಲ ಅಭ್ಯರ್ಥಿಗಳ ಟಿಪ್ಪಣಿಯನ್ನೂ ಮತ್ತೆ ತೆಗೆಯಿರಿ. ಏನು ಹೇಳಿದರು ಅನ್ನುವುದನ್ನು ಉಳಿಸಿ, ಹೇಗೆ ಹೇಳಿದರು ಅನ್ನುವುದನ್ನು ಹೊಡೆದು ಹಾಕಿ, ಹೊಸದಾಗಿ ಅಂಕ ಕೊಡಿ. 'ನಾವು' ಅಂದಾಗ ಆಕೆಯ ಪಾಲು ಏನಿತ್ತು ಅಂತ ನೀವು ಕೇಳಲೇ ಇಲ್ಲ. ಆಕೆ ಕೊಟ್ಟಿರುವ ರೆಫರಿಗಳಿಗೆ, ಅಂದರೆ ಆಕೆಯ ಕೆಲಸ ಬಲ್ಲವರಿಗೆ, ಫೋನ್ ಮಾಡಿ ಕೇಳಿ. ಮುಂದಿನ ಸಲ ಸಮಿತಿಯಲ್ಲಿ ಒಬ್ಬರಾದರೂ ಮೂಲನಿವಾಸಿ ಸದಸ್ಯರು ಇರಲಿ. ಪ್ರಶ್ನೆಗಳನ್ನು ಎಲ್ಲರಿಗೂ ಮುಂಚೆಯೇ ಕಳಿಸಿ.

'ಮುಗಿದದ್ದನ್ನು ಮತ್ತೆ ಯಾಕೆ ಕೆದಕುತ್ತೀರಿ' ಅಂತ ಅಧ್ಯಕ್ಷರು ಕೇಳಬಹುದು. ಮುಗಿದಿಲ್ಲ ಅನ್ನಿ. ಸಹಿ ಇನ್ನೂ ಬಿದ್ದಿಲ್ಲ.