ಐವತ್ತು ದಾಟಿದ ಗ್ರಂಥಪಾಲಕಿ ಸೋಶಿಯಲ್ ಮೀಡಿಯಾ ಕಲಿಯೋಕೆ ಯಾವ ಕೋರ್ಸ್ ಸೇರಬೇಕು?

ಮೇಡಂ, ತಾಲ್ಲೂಕು ಗ್ರಂಥಾಲಯದಲ್ಲಿದ್ದೀರಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲಾ ಶುರು ಮಾಡಿ ಅಂತ ಮೇಲಿನಿಂದ ಹೇಳ್ತಿದ್ದಾರೆ, ಕನ್ನಡ ಟೈಪಿಂಗೂ ಅಷ್ಟಕ್ಕಷ್ಟೆ, ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ ದುಡ್ಡು ಕಟ್ಟಲಾ ಅಂತ ಕೇಳಿದ್ದೀರಿ. ಕಟ್ಟಬೇಡಿ. ಅಲ್ಲಿ ಸೀರೆ ಅಂಗಡಿಗೋ ಸೈಟ್ ಮಾರೋರಿಗೋ ಗಿರಾಕಿ ಹಿಡಿಯೋದು ಹೇಗೆ ಅಂತ ಹೇಳಿಕೊಡ್ತಾರೆ. ನಮ್ಮ ಗಿರಾಕಿಗಳು ಬಾಗಿಲು ತೆಗೆಯೋ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರ್ತಾರೆ. ನಾನೂ ಇದೇ ಕೆಲಸದವನು, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಕಲಿತಿದ್ದೆಲ್ಲ ಕೌಂಟರಿನಲ್ಲಿ ಕೂತೇ, ಅರ್ಧ ಪಾಲು ವಾಚನಾಲಯಕ್ಕೆ ಬರೋ ಹುಡುಗರಿಂದ.

ಮೊದಲು ಆ್ಯಪ್‌ಗಳನ್ನ ಮರೆತುಬಿಡಿ. ದಿನಾ ನಿಮ್ಮ ಮೇಜಿನ ಮುಂದೆ ನಿಂತು ಕೇಳೋ ಪ್ರಶ್ನೆಗಳನ್ನ ಒಂದು ವಾರ ಡೈರಿಯಲ್ಲಿ ಬರೆದಿಡಿ. ನಮ್ಮಲ್ಲಿ ತಿರುಗಿ ತಿರುಗಿ ಬಂದದ್ದು ಇವು: ನಾಳೆ ತೆಗೆದಿರುತ್ತಾ, ಹೊಸ ಪುಸ್ತಕ ಏನು ಬಂದಿವೆ, ಈ ಸರ್ಕಾರಿ ಕೆಲಸದ ನೋಟಿಫಿಕೇಶನ್ ನಿಜಾನಾ. ಈ ಮೂರಕ್ಕೆ ಉತ್ತರ ಫೋನಿನಲ್ಲೇ ಸಿಗೋ ಹಾಗೆ ಮಾಡಿದರೆ ನಿಮ್ಮ ಸೋಶಿಯಲ್ ಮೀಡಿಯಾ ಶುರುವಾದ ಹಾಗೆಯೇ. ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನೋದು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಲ್ಲ. ಪೋಸ್ಟ್ ಹಾಕೋ ಮುಂಚೆ ಅದನ್ನೊಮ್ಮೆ ನೆನೆಸಿಕೊಳ್ಳಿ. ಹೂವಿನ ಚಿತ್ರದ ಶುಭೋದಯ ಯಾರ ಸಮಯವನ್ನೂ ಉಳಿಸೋದಿಲ್ಲ.

ವಾಟ್ಸಾಪಿನಿಂದಲೇ ಶುರು ಮಾಡಿ, ನಮ್ಮ ಓದುಗರು ಇರೋದು ಅಲ್ಲೇ. ಆದರೆ ಗ್ರೂಪ್ ಮಾಡೋಕೆ ಅವಸರ ಬೇಡ. ಗ್ರೂಪಿಗೆ ಸೇರಿದವರ ನಂಬರ್ ಎಲ್ಲರಿಗೂ ಕಾಣುತ್ತೆ. ಸಂಜೆ ಹೊತ್ತು ಓದೋಕೆ ಬರೋ ಹೆಣ್ಣುಮಕ್ಕಳ ನಂಬರನ್ನ ಗುರುತಿಲ್ಲದ ನೂರು ಜನಕ್ಕೆ ನಾವೇ ಕೈಯಾರೆ ಕೊಟ್ಟ ಹಾಗಾಗುತ್ತೆ. ಅದರ ಬದಲು ಚಾನೆಲ್ ಮಾಡಿ. 2023ರ ಸೆಪ್ಟೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದ ಸೌಲಭ್ಯ ಅದು; ಫಾಲೋ ಮಾಡಿದವರ ನಂಬರ್ ಒಬ್ಬರದು ಇನ್ನೊಬ್ಬರಿಗೆ ಕಾಣಲ್ಲ, ರಾಜಕೀಯದ ಫಾರ್ವರ್ಡ್ ತಂದು ಸುರಿಯೋಕೂ ಯಾರಿಗೂ ಆಗಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಇನ್ನೊಂದಿದೆ, ಅದರಲ್ಲಿ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗೋದು, ಹಾಗಾಗಿ ತಲೆನೋವು. ಇನ್ನೊಂದು ಮಾತು: ಪುಸ್ತಕ ವಾಪಸ್ ಕೊಡದವರ ಪಟ್ಟಿಯನ್ನ ಎಲ್ಲೂ ಹಾಕಬೇಡಿ, ಯಾರೇ ಸಲಹೆ ಕೊಟ್ಟರೂ. ಯಾರು ಏನು ಓದೋಕೆ ಒಯ್ದರು ಅನ್ನೋದು ಅವರಿಗೂ ನಮಗೂ ಮಾತ್ರ ಗೊತ್ತಿರಬೇಕಾದ ವಿಷಯ.

ಹೊಸ ಪುಸ್ತಕ ಬಂದಾಗ ಕಟ್ಟುಗಟ್ಟಲೆ ಫೋಟೋ ಬೇಡ. ಕಿಟಕಿ ಪಕ್ಕದ ಮೇಜಿನ ಮೇಲೆ ಐದಾರು ಪುಸ್ತಕ ಮುಖ ಮೇಲಾಗಿ ಹರಡಿ ಒಂದೇ ಚಿತ್ರ ತೆಗೆಯಿರಿ, ಟ್ಯೂಬ್‌ಲೈಟ್ ಕೆಳಗೆ ಹೊಳಪು ರಕ್ಷಾಪುಟ ಬೆಳ್ಳಗಾಗಿಬಿಡುತ್ತೆ. ಚಿತ್ರದ ಕೆಳಗೆ ಹೆಸರು, ಲೇಖಕರು, ಯಾವ ಕಪಾಟು ಅಂತ ಬರೆಯಿರಿ. ಕಪಾಟಿನ ನಂಬರ್ ಬರೆದ ಮೇಲೆ ನೋಡಿ, ಜನ ನಿಮ್ಮನ್ನ ಕೇಳದೆ ನೆಟ್ಟಗೆ ಅಲ್ಲಿಗೇ ಹೋಗ್ತಾರೆ.

ಈಗ ನೋಟಿಫಿಕೇಶನ್ ವಿಷಯ. ನನ್ನ ಲೆಕ್ಕದಲ್ಲಿ ಗ್ರಂಥಪಾಲಕರ ಬೆಲೆ ಹೆಚ್ಚೋದು ಇಲ್ಲೇ. ಎಫ್‌ಡಿಎ, ಪಿಎಸ್‌ಐ, ಪಿಡಿಒ ಅಂತ ಓದೋ ಹುಡುಗರ ಫೋನಿಗೆ ದಿನಾ ಏನಾದರೂ ಬರುತ್ತೆ: ಇಷ್ಟು ಸಾವಿರ ಹುದ್ದೆ, ಕೊನೆ ದಿನ ನಾಳೆ, ಈ ಲಿಂಕ್ ಒತ್ತಿ. ನಾನು ಅವರನ್ನ ಪಕ್ಕದಲ್ಲೇ ಕೂರಿಸಿಕೊಂಡು ನೋಡ್ತೀನಿ. ಅಧಿಸೂಚನೆಗೆ ಸಂಖ್ಯೆ, ದಿನಾಂಕ ಇದೆಯಾ? ನೇಮಕಾತಿ ಪರೀಕ್ಷೆ ನಡೆಸೋ ಕೆಪಿಎಸ್‌ಸಿ ಅಥವಾ ಕೆಇಎ ಜಾಲತಾಣವನ್ನ ನಾವೇ ತೆರೆದರೆ ಅದೇ ಸಂಖ್ಯೆ ಅಲ್ಲಿ ಸಿಗುತ್ತಾ? ಲಿಂಕಿನ ವಿಳಾಸ ಸರ್ಕಾರದ್ದಾ, ಅಥವಾ ಹೆಸರಲ್ಲಿ ಮಾತ್ರ ಕರ್ನಾಟಕ ಅಂತ ಇದೆಯಾ? ಸಿಗಲಿಲ್ಲ ಅಂದರೆ ‘ಅಧಿಕೃತ ತಾಣದಲ್ಲಿ ಕಂಡಿಲ್ಲ, ದುಡ್ಡು ಕಟ್ಟಬೇಡಿ’ ಅಂತ ಚಾನೆಲ್‌ನಲ್ಲಿ ಒಂದು ಸಾಲು. ಸುಳ್ಳು ಅಂತ ನಾನು ತೀರ್ಪು ಕೊಡೋಕೆ ಹೋಗಲ್ಲ, ಕಂಡಿದ್ದು ಕಾಣದ್ದು ಅಷ್ಟೇ ಹೇಳ್ತೀನಿ. ಈ ಸಾಲುಗಳಿಗೆ ಬರೋ ಓದುಗರು ಬೇರೆ ಯಾವ ಪೋಸ್ಟಿಗೂ ಬರಲ್ಲ.

ಟೈಪಿಂಗ್ ಬಗ್ಗೆ ಹೆದರಬೇಡಿ. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತೆ, ಆಮೇಲೆ ಹೆಸರುಗಳನ್ನ ತಿದ್ದಿದರಾಯ್ತು. ಬೆರಳಲ್ಲಿ ಗೀಚಿದರೂ ಗುರುತಿಸುತ್ತೆ. ನಿಜವಾದ ತೊಂದರೆ ಇರೋದು ಕಚೇರಿಯ ಹಳೇ ಕಂಪ್ಯೂಟರಿನಲ್ಲಿ. ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪುಸ್ತಕಪಟ್ಟಿಯನ್ನ ವಾಟ್ಸಾಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರ್ತವೆ, ಫಾಂಟ್ ಇಲ್ಲದ ಕಡೆ ಕನ್ನಡವೂ ಇರಲ್ಲ. ಪಟ್ಟಿಯನ್ನ ಪರಿವರ್ತಕಕ್ಕೆ ಹಾಕಿ, ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣೋ ಯೂನಿಕೋಡ್ ಮಾಡಿಕೊಳ್ಳಿ, ಇನ್ನು ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ. ಅಚ್ಚಾದ ಪಟ್ಟಿ ಮಾತ್ರ ಇದ್ದರೆ ಅದರ ಫೋಟೋ ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ, ಚಿತ್ರದ ಕೆಳಗೆ ಕನ್ನಡ ಅಕ್ಷರ ಬಂದಿರುತ್ತೆ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತೆ, ಕೂತು ನೋಡಬೇಕು.

ಮುದ್ರಣದಲ್ಲಿಲ್ಲದ ಹಳೇ ಪುಸ್ತಕ ಕೇಳಿಕೊಂಡು ಬರೋ ಹಿರಿಯರಿದ್ದಾರಲ್ಲ, ಅವರಿಗೋಸ್ಕರ ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣ ಬಳಸೋದು ಕಲಿಯಿರಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಅಲ್ಲಿ ರಾಶಿ ಬಿದ್ದಿವೆ. ಆದರೆ ಎಷ್ಟೋ ಪುಸ್ತಕಗಳ ಹೆಸರನ್ನ ಇಂಗ್ಲಿಷ್ ಲಿಪಿಯಲ್ಲಿ ಕೈಗೆ ಬಂದಂತೆ ಬರೆದಿದ್ದಾರೆ. ದೀರ್ಘಕ್ಕೆ ಒಂದು ಕಡೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ. ಕನ್ನಡದಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಇಲ್ಲಿ ನಮ್ಮ ಹಳೇ ವಿದ್ಯೆ ಕೆಲಸಕ್ಕೆ ಬರುತ್ತೆ. ಕಾರ್ಡ್ ಕ್ಯಾಟಲಾಗಿನಲ್ಲಿ ‘ಶ್ರೀನಿವಾಸ’ ಅಂತ ಬಂದರೆ ಮಾಸ್ತಿ ನೋಡಿ ಅಂತ ಅಡ್ಡ ಉಲ್ಲೇಖ ಬರೀತಿದ್ದೆವಲ್ಲ, ಅದೇ ತಲೆ ಓಡಿಸಿ: ಕಾವ್ಯನಾಮ, ಇನಿಷಿಯಲ್, ಊರಿನ ಹೆಸರು, ಒಂದೊಂದಾಗಿ. ಕನ್ನಡದಲ್ಲೇ ಹುಡುಕೋಕೆ ‘ಪುಸ್ತಕ ಸಂಚಯ’ ಅನ್ನೋ ತಾಣ ಇದೆ, ಮೊದಲು ಅಲ್ಲಿ ನೋಡಿ. ನಮ್ಮ ಹುಡುಗರು ನನಗಿಂತ ಹತ್ತು ಪಟ್ಟು ವೇಗವಾಗಿ ಟೈಪ್ ಮಾಡ್ತಾರೆ, ಆದರೆ ಇಂಥ ಪುಸ್ತಕ ಹುಡುಕೋದರಲ್ಲಿ ನನ್ನ ಮುಂದೆ ಸೋಲ್ತಾರೆ. ಸ್ವಲ್ಪ ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಸಿಕ್ಕ ಪಿಡಿಎಫ್‌ಗಳನ್ನೆಲ್ಲ ಚಾನೆಲ್‌ಗೆ ಹಾಕೋ ಹಾಗಿಲ್ಲ. ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದದ್ದನ್ನ 2024ರಿಂದ ಯಾರು ಬೇಕಾದರೂ ಹಂಚಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054 ಮುಗಿಯೋವರೆಗೂ ಆಗಲ್ಲ. ಜಾಲದಲ್ಲಿ ಬಿಟ್ಟಿ ಸಿಕ್ಕಿತು ಅಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಅಂತಲ್ಲ.

ಫೇಸ್‌ಬುಕ್ ಪುಟ ಮೇಲಧಿಕಾರಿಗಳಿಗೋಸ್ಕರ ಒಂದಿರಲಿ, ಚಾನೆಲ್‌ಗೆ ಹಾಕಿದ್ದನ್ನೇ ಅಲ್ಲಿಗೂ ಹಾಕಿ. ಯೂಟ್ಯೂಬ್ ಸದ್ಯಕ್ಕೆ ಬಿಡಿ, ಒಬ್ಬರೇ ಸಿಬ್ಬಂದಿ ಇರೋ ಕಡೆ ವಿಡಿಯೋ ಎಡಿಟ್ ಮಾಡ್ತಾ ಕೂತರೆ ಕೌಂಟರ್ ಯಾರು ನೋಡ್ತಾರೆ?

ಇವೆಲ್ಲಕ್ಕೂ ಮುಂಚೆ ಗ್ರಂಥಾಲಯದ ಹೆಸರಲ್ಲಿ ಒಂದು ಜಿಮೇಲ್ ಮಾಡಿ, ಕಚೇರಿಗೇ ಒಂದು ಸಿಮ್ ತೆಗೆಸಿ. ನಿಮ್ಮ ಸ್ವಂತ ನಂಬರಿನಲ್ಲಿ ನಡೆಸಿದರೆ ವರ್ಗಾವಣೆ ಆದ ಮೇಲೂ ರಾತ್ರಿ ಹತ್ತಕ್ಕೆ ಫೋನ್ ಬರುತ್ತೆ. ಫೇಸ್‌ಬುಕ್ ಪುಟ ಮಾತ್ರ ನಿಮ್ಮ ಖಾತೆಗೇ ಅಂಟಿಕೊಂಡಿರುತ್ತೆ, ಹೋಗೋ ಮುಂಚೆ ನಿಮ್ಮ ಜಾಗಕ್ಕೆ ಬಂದವರನ್ನ ಅಡ್ಮಿನ್ ಮಾಡಿ. ಪಾಸ್‌ವರ್ಡ್ ಲಕೋಟೆಯಲ್ಲಿಟ್ಟು ಸೀಲ್ ಮಾಡಿ, ಚಾರ್ಜ್ ಕೊಡುವಾಗ ಪುಸ್ತಕಗಳ ಲೆಕ್ಕದ ಅಕ್ಸೆಷನ್ ರಿಜಿಸ್ಟರ್, ಬೀರುವಿನ ಕೀಲಿಕೈ ಜೊತೆ ಅದನ್ನೂ ಪಟ್ಟಿಯಲ್ಲಿ ನಮೂದಿಸಿ ಸಹಿ ತೊಗೊಳ್ಳಿ.