ಒಂದೇ ಬೆಂಕಿ, ಒಂದೇ ಚಿಮಣಿ

ಓದುಗರ ಪತ್ರ: “ಕರೆಂಟು ತಯಾರಿಸುವಾಗ ಬರುವ ಕಾರ್ಬನ್ ಕಡಿಮೆಯಾದರೆ ಜನರ ಆರೋಗ್ಯ ಸುಧಾರಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಕಾರ್ಬನ್ ಡೈಆಕ್ಸೈಡ್ ವಿಷವಲ್ಲ, ಪ್ರತಿ ಉಸಿರಿನಲ್ಲೂ ನಾವೇ ಅದನ್ನು ಹೊರಗೆ ಬಿಡುತ್ತೇವೆ. ನಾನೂ ಉಬ್ಬಸದವನೇ, ಜೇಬಿನಲ್ಲಿ ಇನ್‌ಹೇಲರ್ ಇಟ್ಟುಕೊಂಡೇ ಓಡಾಡುತ್ತೇನೆ. ಹೊಗೆಯಿಂದ ತೊಂದರೆ ಅಂದರೆ ಒಪ್ಪುತ್ತೇನೆ. ಅದಕ್ಕೆ ಚಿಮಣಿಗೆ ಫಿಲ್ಟರ್ ಹಾಕಿದರೆ ಸಾಕು. ಭೂಮಿ ಬಿಸಿಯಾಗುವುದು ಮೊಮ್ಮಕ್ಕಳ ಕಾಲದ ಮಾತು. ಅದಕ್ಕೂ ಇವತ್ತಿನ ಕೆಮ್ಮಿಗೂ ಯಾಕೆ ಗಂಟು ಹಾಕುತ್ತೀರಿ?” – ಒಬ್ಬ ನಿವೃತ್ತ ಶಿಕ್ಷಕ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಮೊದಲ ಮಾತು ನೂರಕ್ಕೆ ನೂರು ಸರಿ. ಬಯಲಿನ ಗಾಳಿಯಲ್ಲಿ ಇರುವಷ್ಟು ಕಾರ್ಬನ್ ಡೈಆಕ್ಸೈಡ್ ಯಾರ ಶ್ವಾಸಕೋಶವನ್ನೂ ಕೆಡಿಸುವುದಿಲ್ಲ. ಇದನ್ನು ನಾವು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ.

ಆದರೆ ಅದು ಚಿಮಣಿಯಿಂದ ಒಂಟಿಯಾಗಿ ಬರುವುದಿಲ್ಲ ಅಲ್ವಾ? 12 ಗ್ರಾಂ ಕಾರ್ಬನ್ ಉರಿದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಎಂದು ನೀವೇ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿರುತ್ತೀರಿ. ಅದು ಶುದ್ಧ ಕಾರ್ಬನ್ನಿನ ಲೆಕ್ಕ. ಕಲ್ಲಿದ್ದಲಿನಲ್ಲಿ ಗಂಧಕ ಇದೆ, ಚೂರು ಪಾದರಸ ಇದೆ, ಮಣ್ಣಿನ ಅಂಶ ಬೇಕಾದಷ್ಟಿದೆ. ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಆ ಕಾವಿನಲ್ಲಿ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ಮಣ್ಣು ಹಾರುಬೂದಿಯಾಗುತ್ತದೆ. ಎಲ್ಲವೂ ಒಂದೇ ಬೆಂಕಿಯ ಮಕ್ಕಳು. ಕೆಮ್ಮು ಬರಿಸುವುದು ಕಾರ್ಬನ್ ಡೈಆಕ್ಸೈಡ್ ಅಲ್ಲ, ಅದರ ಜೊತೆಗೆ ಹೊರಡುವ ಈ ಬಳಗ.

ಇವುಗಳಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ಪಿಎಂ 2.5 ಎಂಬ ಸಣ್ಣ ಕಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಕಣ ಎರಡೂವರೆ ಮೈಕ್ರಾನ್ ಅಥವಾ ಇನ್ನೂ ಚಿಕ್ಕದು. ದಪ್ಪ ಧೂಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ಹಿಡಿದುಕೊಳ್ಳುತ್ತವೆ. ಇದನ್ನು ಹಿಡಿಯಲು ಆಗುವುದಿಲ್ಲ. ಸೀದಾ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತದೆ. ತೀರಾ ಸಣ್ಣವು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ಹೊಗೆ ಅಂದರೆ ಕೆಮ್ಮು, ಉಬ್ಬಸ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಜಗತ್ತಿನಲ್ಲಿ 42 ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರು. ಅದರಲ್ಲಿ ಮೂರರಲ್ಲಿ ಎರಡು ಪಾಲು ಹೃದಯಾಘಾತ, ಪಾರ್ಶ್ವವಾಯುವಿನಂಥ ಕಾಯಿಲೆಯ ಸಾವುಗಳು. ಅಷ್ಟೂ ಕರೆಂಟಿನ ಹೊಗೆಯಿಂದ ಆದದ್ದಲ್ಲ, ವಾಹನ, ಕಾರ್ಖಾನೆ ಎಲ್ಲ ಸೇರಿದೆ. ಆದರೆ ಕಲ್ಲಿದ್ದಲಿನ ಪಾಲು ಸಣ್ಣದೇನಲ್ಲ.

ಇನ್ನು ಫಿಲ್ಟರ್ ವಿಚಾರ. ಬೂದಿ ಹಿಡಿಯುವ ಯಂತ್ರ ಬೂದಿಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸಲ್ಫರ್ ಡೈಆಕ್ಸೈಡ್ ಅನಿಲ. ಅದು ಆ ಯಂತ್ರವನ್ನು ಸುಮ್ನೆ ದಾಟಿ ಹೋಗುತ್ತದೆ, ಹೊರಗೆ ಗಾಳಿಯಲ್ಲಿ ತೇಲುತ್ತಾ ಸಲ್ಫೇಟ್ ಕಣವಾಗುತ್ತದೆ. ಅಂದರೆ ಕಣ ಹುಟ್ಟುವುದೇ ಚಿಮಣಿಯ ಆಚೆ, ಕೆಲವೊಮ್ಮೆ ನೂರಾರು ಕಿಲೋಮೀಟರ್ ದೂರದಲ್ಲಿ. ಅದನ್ನು ತಡೆಯಲು ಹೊಗೆಯನ್ನು ಸುಣ್ಣದ ನೀರಿನಲ್ಲಿ ತೊಳೆಯುವ ಇನ್ನೊಂದು ಯಂತ್ರ ಬೇಕು. ನೈಟ್ರೋಜನ್ ಆಕ್ಸೈಡುಗಳಿಗೆ ಮತ್ತೊಂದು.

ಈ ಯಂತ್ರಗಳಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುವುದಿಲ್ಲ, ಖಂಡಿತ ಇದೆ. ಅಮೆರಿಕದ ಲೂಯಿವಿಲ್ ನಗರದ ಸುತ್ತ 2013ರಿಂದ 2016ರೊಳಗೆ ಕಲ್ಲಿದ್ದಲಿನ ಒಂದು ಸ್ಥಾವರ ಕಲ್ಲಿದ್ದಲನ್ನು ಬಿಟ್ಟಿತು, ಇನ್ನು ಮೂರಕ್ಕೆ ಗಂಧಕ ತೊಳೆಯುವ ಯಂತ್ರ ಬಂತು. ಅದೇ ಹೊತ್ತಿಗೆ ಅಲ್ಲಿನ ಇನ್ನೂರಕ್ಕೂ ಹೆಚ್ಚು ಉಬ್ಬಸದ ರೋಗಿಗಳ ಇನ್‌ಹೇಲರ್ ಮೇಲೆ ಚಿಕ್ಕ ಸೆನ್ಸರ್ ಕೂರಿಸಿದ್ದರು. ಉಸಿರು ಕಟ್ಟಿ ಒತ್ತಿದಾಗಲೆಲ್ಲ ದಿನ, ಸಮಯ ದಾಖಲಾಗುತ್ತಿತ್ತು. 2016ರ ಜೂನ್‌ನಲ್ಲಿ ಕೊನೆಯ ಯಂತ್ರ ಶುರುವಾಯಿತು. ಒತ್ತುವುದು ತಕ್ಷಣವೇ ಶೇ. 17ರಷ್ಟು ಇಳಿಯಿತು. ನಿಮ್ಮ ಜೇಬಿನಲ್ಲಿರುವುದೂ ಅಂಥದ್ದೇ ಅಲ್ವಾ ಮೇಷ್ಟ್ರೇ? ನಡುರಾತ್ರಿ ಎದ್ದು ಕತ್ತಲಲ್ಲಿ ಅದನ್ನು ತಡಕಾಡುವುದು ಒಂದು ಸಲ ತಪ್ಪಿದರೂ ಎಷ್ಟು ದೊಡ್ಡದು ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಗಾದರೆ ಯಂತ್ರ ಹಾಕಿ ಸುಮ್ಮನಿರಬಹುದಲ್ಲ ಎಂದು ಕೇಳುತ್ತೀರಿ. ಅಷ್ಟು ಖರ್ಚು ಮಾಡಿದ ಮೇಲೂ ಪೂರ್ತಿ ನಿಲ್ಲುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಅಂತೂ ಹಾಗೇ ಹೋಗುತ್ತಿರುತ್ತದೆ. ಉರಿಸುವುದನ್ನೇ ಬಿಟ್ಟರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಒಂದು ಟೆರಾವಾಟ್ ಅವರ್, ಅಂದರೆ ನೂರು ಕೋಟಿ ಯೂನಿಟ್ ಕರೆಂಟಿಗೆ ಎಷ್ಟು ಸಾವು ಎಂದು ಲೆಕ್ಕ ಹಾಕಿದವರಿದ್ದಾರೆ, ಮಾಲಿನ್ಯ, ಅಪಘಾತ ಎರಡನ್ನೂ ಸೇರಿಸಿ. ಕಲ್ಲಿದ್ದಲಿಗೆ ಸುಮಾರು 25, ಗ್ಯಾಸಿಗೆ ಸುಮಾರು 3. ಗಾಳಿ, ಬಿಸಿಲು, ಅಣುಶಕ್ತಿ ಒಂದೊಂದಕ್ಕೂ 0.1ಕ್ಕಿಂತ ಕಡಿಮೆ.

ಈಗ ಮೊಮ್ಮಕ್ಕಳ ಮಾತಿಗೆ ಬರುತ್ತೇನೆ. ಗಾಳಿಗೆ ಸೇರಿದ ಕಾರ್ಬನ್ ಡೈಆಕ್ಸೈಡಿನಲ್ಲಿ ಒಂದಷ್ಟು ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಇವತ್ತು ನಿಲ್ಲಿಸಿದರೂ ಹವಾಮಾನದ ಲಾಭ ನಿಧಾನಕ್ಕೆ ಬರುತ್ತದೆ, ಇಡೀ ಜಗತ್ತಿಗೆ ಹಂಚಿಹೋಗುತ್ತದೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಸಣ್ಣ ಕಣದ ಕಥೆ ಬೇರೆ. ಅದು ಕೆಲವೇ ದಿನಗಳಲ್ಲಿ ನೆಲಕ್ಕೆ ಕೂರುತ್ತದೆ, ಇಲ್ಲವೇ ಮಳೆಯಲ್ಲಿ ತೊಳೆದುಹೋಗುತ್ತದೆ. ಬಾಯ್ಲರ್ ತಣ್ಣಗಾದ ಕೆಲವೇ ದಿನಗಳಲ್ಲಿ ಆ ಚಿಮಣಿಯ ಪಾಲಿನ ಹೊಗೆ ಗಾಳಿಯಲ್ಲಿ ಇರುವುದಿಲ್ಲ. ಲಾಭ ಮೊದಲು ಸಿಗುವುದು ಹತ್ತಿರದವರಿಗೆ.

ಚೀನಾದ ಟಾಂಗ್‌ಲಿಯಾಂಗ್‌ನಲ್ಲಿ ಇದು ಕಣ್ಣೆದುರೇ ನಡೆಯಿತು. ಅಲ್ಲೊಂದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇತ್ತು. 2004ರಲ್ಲಿ ಮುಚ್ಚಿದರು. ಮುಚ್ಚುವ ಮೊದಲು, 2002ರಲ್ಲಿ ಹುಟ್ಟಿದ ಮಕ್ಕಳನ್ನೂ 2005ರಲ್ಲಿ ಹುಟ್ಟಿದ ಮಕ್ಕಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಯ ರಕ್ತ ತೆಗೆದರು. ಹೊಗೆಯ ಕೆಲವು ರಾಸಾಯನಿಕಗಳು ಮಗುವಿನ ಡಿಎನ್‌ಎಗೆ ಅಂಟಿಕೊಳ್ಳುತ್ತವೆ, ಆ ಗುರುತು ರಕ್ತದಲ್ಲಿ ಸಿಗುತ್ತದೆ. 2002ರ ಮಕ್ಕಳಲ್ಲಿ ಗುರುತು ಹೆಚ್ಚಿದ್ದವರು ಎರಡು ವರ್ಷ ತುಂಬಿದಾಗ ಕೈಕಾಲಿನ ಚಟುವಟಿಕೆಯ ಪರೀಕ್ಷೆಯಲ್ಲಿ ಹಿಂದಿದ್ದರು. 2005ರ ಮಕ್ಕಳಲ್ಲಿ ಗುರುತೇ ಕಡಿಮೆ ಇತ್ತು. ಗುರುತಿಗೂ ಹಿಂದುಳಿಯುವುದಕ್ಕೂ ಇದ್ದ ನಂಟೂ ಕಾಣಲಿಲ್ಲ. ಅದೇ ಊರು, ನಡುವೆ ಮೂರೇ ವರ್ಷ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ. ಉಸಿರಾಡಲು ಶುರು ಮಾಡುವ ಮೊದಲೇ ಹೊಗೆ ಆ ಕೂಸುಗಳನ್ನು ಮುಟ್ಟಿತ್ತಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕಾರ್ಬನ್ ಕಡಿಮೆ ಎಂಬ ಹೆಸರಿನಲ್ಲಿ ಬರುವುದೆಲ್ಲ ಎದೆಗೆ ಹಿತವಲ್ಲ. ಕಲ್ಲಿದ್ದಲಿನ ಬದಲು ಮರದ ತುಂಡು ಉರಿಸಿ ಕರೆಂಟು ಮಾಡುವವರಿದ್ದಾರೆ. ಮರ ಮತ್ತೆ ಬೆಳೆಯುತ್ತದೆ, ಹಾಗಾಗಿ ಕಾರ್ಬನ್ ಲೆಕ್ಕ ಸರಿಹೋಗುತ್ತದೆ ಎಂಬುದು ಅವರ ವಾದ. ಶ್ವಾಸಕೋಶಕ್ಕೆ ಆ ಲೆಕ್ಕ ಗೊತ್ತಿಲ್ಲ, ಅದಕ್ಕೆ ಹೊಗೆ ಹೊಗೆಯೇ.

ಹಾಗಾಗಿ ಮುಂದಿನ ಸಂಚಿಕೆಯಲ್ಲಿ ನಮ್ಮ ಆ ವಾಕ್ಯವನ್ನು ತಿದ್ದಿ ಹಾಕುತ್ತೇವೆ. “ಕಾರ್ಬನ್ ಕಡಿಮೆಯಾದರೆ” ಎಂದಿದ್ದಲ್ಲಿ “ಉರಿಸುವುದು ಕಡಿಮೆಯಾದರೆ” ಎಂದಾಗುತ್ತದೆ. ತಿದ್ದಿಸಿದ್ದು ನೀವು ಎಂದೂ ಬರೆಯುತ್ತೇವೆ, ಮೇಷ್ಟ್ರೇ.